ಙ

ಕುಶಾಲನಗರದ ಬಸ್‌ಸ್ಟ್ಯಾಂಡಿನೆದುರು ನನ್ನ ಜೆರಾಕ್ಸ್ ಅಂಗಡಿ.
ಪಹಣಿ, ಜಾತಿ ಪ್ರಮಾಣಪತ್ರ, ಹಾಲ್‌ಟಿಕೆಟ್ಟು,
ಪುಟಕ್ಕೆ ಎರಡು ರೂಪಾಯಿ.
ಹೊಳೆಯಾಚೆಯಿಂದ ಆಟೋದಲ್ಲಿ ಬಂದಿಳಿದ ಮುದುಕಿ
ಕಾಗದ ಕೊಡಲಿಲ್ಲ. ಸೊಂಟಕ್ಕೆ ಕಟ್ಟಿದ್ದ
ಪಟ್ಟೆಪಟ್ಟೆ ಪಾಂಗ್ದೆನ್ ಬಿಚ್ಚಿ
ಗಾಜಿನ ಮೇಲೆ ಹಾಸಿದಳು.

ಬಟ್ಟೆ ಜೆರಾಕ್ಸ್ ಆಗಲ್ಲಜ್ಜಿ, ಅಂದೆ.
"ಆಗ್ತದಂತೆ ಆಂಟಿ, ಮೊಲಾ ಹೇಳ್ತಿದ್ದಾರೆ."
ಮೊಮ್ಮಗ ಜಿಗ್ದಲ್. ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಮ್ಮು.
ಮುಚ್ಚಳ ಪೂರ್ತಿ ಕೂರಲಿಲ್ಲ. ಹಸಿರು ಬೆಳಕು
ಅತ್ತಿಂದಿತ್ತ ಹರಿದು ಬೆಚ್ಚಗೆ ಹೊರಬಂತು:
ಕಪ್ಪು, ಬೂದಿ, ಕಪ್ಪು, ಬೂದಿ.

ಮುದುಕಿ ಒಂದೊಂದೇ ಪಟ್ಟೆಗೆ ಬೆರಳಿಟ್ಟು ಹೇಳತೊಡಗಿದಳು.
ಹುಡುಗ ನನ್ನ ಪೆನ್ನು ಕಸಿದು ಬರೆದ.
ಮಾರ್ಪೊ, ಕೆಂಪು. ಅವಳವ್ವ ಬೇರು ಕುದಿಸಿ ಇಳಿಸಿದ್ದು.
ಸೇರ್ಪೊ, ಹಳದಿ. ಇಲ್ಲಿ ಒಂದೆಳೆ ತಪ್ಪಿದೆ,
ಆ ದಿನ ಯಾರೋ ಬಾಗಿಲು ಬಡಿದಿದ್ದರು.
ಯಾರು? ಅಂದ.
ಅವಳ ಬೆರಳು ಮುಂದಿನ ಪಟ್ಟೆಗೆ ಹೋಯಿತು.
ಅಂಚಿನದು ನಮ್ಮ ಸಂತೆಯ ಉಣ್ಣೆ,
ಬಂದ ವರ್ಷ ಆನೆ ಬೆದರಿಸಲು
ಡಬ್ಬ ಬಡಿಯುತ್ತ ಕೂತ ರಾತ್ರಿಗಳಲ್ಲಿ ಸೇರಿಸಿದ್ದು.

ಅವರ ಲಿಪಿ ಅವನಿಗೆ ಅಷ್ಟಕ್ಕಷ್ಟೆ,
ಹಾಗಾಗಿ ನಮ್ಮದರಲ್ಲೇ ಎಲ್ಲ.
ನೀಲಿಗೆ ಬಂದಾಗ ಪೆನ್ನು ನಿಂತಿತು.
ಅಜ್ಜಿಯ ಮೂಗಿನಾಳದಿಂದ ಹೊರಟ ಆ ಮೊದಲ ಸದ್ದು
ಇನ್ನೊಮ್ಮೆ, ಮತ್ತೊಮ್ಮೆ.
ಆಮೇಲೆ ತಟ್ಟನೆ ಬರೆದ:
ಙೋನ್ಪೊ.

ಕ ಖ ಗ ಘ ಕೂಗಿ
ಉಸಿರೆಳೆಯಲೆಂದೇ ಇಟ್ಟಂತಿದ್ದ ಅಕ್ಷರ!
ಗಣಪ, ಘಂಟೆ, ಆಮೇಲೆ
ಬಾಲಪಾಠದಲ್ಲೊಂದು ಖಾಲಿ ಚೌಕ.
ವಾಙ್ಮಯದ ನಡುವೆ ಅರ್ಧ ಸಿಕ್ಕಿಕೊಂಡದ್ದು ಬಿಟ್ಟರೆ
ಐವತ್ತೆರಡು ವರ್ಷದಲ್ಲಿ ನಾನದನ್ನು
ಯಾವುದಕ್ಕೂ ಬರೆದವಳಲ್ಲ.

"ಬರೀ ಙ ಅಂದ್ರೂ ಅರ್ಥ ಇದೆ ಆಂಟಿ."
ಏನು?
"ನಾನು."

ನಮ್ಮ ಮನೆಯ ಕೊಡವ ತಕ್ಕಿಗೂ ಇದೇ ಲಿಪಿ.
ಕೆಲವು ಸ್ವರ ಒಳಗೆ ಹಿಡಿಯುವುದಿಲ್ಲ,
ಚಪ್ಪಲಿಯ ಹಾಗೆ ಹೊಸ್ತಿಲಾಚೆ ಬಿಟ್ಟು ಬರೆಯುತ್ತೇವೆ.
ಬರೆಯುತ್ತೇವೆ ಅಂದೆ.
ಅವ್ವ ಹೋಗಿ ಆರು ವರ್ಷ, ಅವಳ ಬಾಯಿಂದ
ಒಂದು ಸಾಲೂ ನಾನು ಇಳಿಸಿಕೊಂಡಿಲ್ಲ.

ಎರಡು ರೂಪಾಯಿ ಎಣಿಸಿ ಕೊಟ್ಟು, ಪಾಂಗ್ದೆನ್ ಕಟ್ಟಿಕೊಂಡು
ಮೊಮ್ಮಗನ ಹೆಗಲು ಹಿಡಿದು ಹೋದಳು.
ಸಂಜೆಯವರೆಗೆ ತೆಗೆದ ಪ್ರತಿಯ ಮೇಲೆಲ್ಲ
ಕೂದಲಿನಷ್ಟು ಒಂದು ಗೆರೆ.
"ಏನ್ರೀ ಇದು, ಪಹಣಿ ಮೇಲೆ ಗೀರು?"
ಮಿಷನ್ನು ಹಳೇದು, ಅಂದೆ.
ಗಾಜಿನ ಮೇಲಿನ ನೀಲಿ ಎಳೆಯನ್ನು
ಒರೆಸಲಿಲ್ಲ.