ಅಡ್ಡಿಲ್ಲ

ಅಂಧೇರಿ ಪೂರ್ವ, ಸಾಕಿನಾಕಾದ ಹಿಂದೆ, ನಾಲ್ಕನೇ ಮಾಳಿಗೆ.
ಕಿಟಕಿಯಿಲ್ಲದ ಕೋಣೆಯಲ್ಲಿ ಹನ್ನೊಂದು ಭಾಷೆ ಸಾಲಾಗಿ ಕೂತಿವೆ,
ಒಂದೊಂದಕ್ಕೂ ಒಂದೊಂದು ಹೆಡ್‌ಫೋನು.
ನಾನು ಕನ್ನಡ. ಎಡಕ್ಕೆ ತಮಿಳಿನ ಇಳಂಗೋ,
ಬಲಕ್ಕೆ ಕೆಟ್ಟುಹೋದ ಪ್ರಿಂಟರು.

ಈ ವಾರ ಬಂದದ್ದು ಆಸ್ಟ್ರೇಲಿಯದ ಹಾಸ್ಯ.
ಒಟ್ಟು ಆರೇ ಕಂತು. ಅದಕ್ಕವರು ಸೀಸನ್ ಅನ್ನುತ್ತಾರೆ.
ನಮ್ಮಲ್ಲಿ ಆರು ಕಂತೆಂದರೆ
ಅತ್ತೆ ಒಂದು ಹುಬ್ಬು ಏರಿಸಿ ಇಳಿಸುವಷ್ಟು ಹೊತ್ತು.
ಸಣ್ಣ ಊರು. ಮುಚ್ಚಲಿರುವ ಈಜುಕೊಳ.
ಕಾವಲಿಗೆ ಡ್ಯಾರಿಲ್, ಟಿಕೆಟಿಗೆ ನೋಯೆಲಿನ್,
ಸೈಕಲ್ಲಿನವರ ತಲೆ ಕುಕ್ಕಲೆಂದೇ ಕಾದಿರುವ ಒಂದು ಹಕ್ಕಿ.
ಆರು ಕಂತು ಮುಗಿದರೂ ಯಾರೂ ನೀರಿಗಿಳಿಯುವುದಿಲ್ಲ.

ಹಿನ್ನೆಲೆಯಲ್ಲಿ ನಗುವಿನ ಸದ್ದಿಲ್ಲ.
ಎಲ್ಲಿ ನಗಬೇಕೆಂದು ಯಾರೂ ಹೇಳಿಕೊಡುವುದಿಲ್ಲ.
ಮೊದಲ ದಿನ ಇಳಂಗೋ ಕೇಳಿದ:
ಫೈಲು ಕೆಟ್ಟಿದೆಯಾ?

ಸಾಲಿಗೆ ನಲವತ್ತೆರಡು ಅಕ್ಷರ, ನಿಮಿಷಕ್ಕೆ ತೊಂಬತ್ತು ರೂಪಾಯಿ.
ಒತ್ತಕ್ಷರವನ್ನು ಯಂತ್ರ ಮೂರೆಂದು ಎಣಿಸುತ್ತದೆ.
‘ಅಕ್ಕ’ ಅಂದರೂ ಅದಕ್ಕೊಂದು ಕೂಡುಕುಟುಂಬ.
ಮತ್ತೆ ಈ ‘ಮೇಟ್’ ಎಂಬ ಪದ:
ಗೆಳೆಯನಿಗೂ ಅದೇ, ಸಾಲ ಕೊಟ್ಟವನಿಗೂ ಅದೇ,
ದಂಡ ಹಾಕುವ ಪೊಲೀಸನಿಗೂ ಅದೇ,
ದನಿ ಮಾತ್ರ ಬೇರೆ.
ಎರಡು ಕಪ್ ಚಹಾ ಆರಿಹೋಯಿತು.
ಆಮೇಲೆ ಥಟ್ಟನೆ ಬಂತು: ಮಾರಾಯ.
ಕುಂದಾಪುರದಿಂದ ಬಂದಿತ್ತು, ಚಪ್ಪಲಿ ಕೂಡ ಹಾಕಿರಲಿಲ್ಲ.

ಅಲ್ಲಿಂದ ಎಲ್ಲ ಸಲೀಸು.
ಯಾಕೆಂದರೆ ಡ್ಯಾರಿಲ್ಲನ್ನು ನಾನು ಬಲ್ಲೆ.
ಫೋರ್ಟಿನ ಹೋಟೆಲೊಂದರ ಗಲ್ಲಾದಲ್ಲಿ
ಮೂವತ್ತು ವರ್ಷ ಚಿಲ್ಲರೆ ಎಣಿಸಿದವನು ಅವನೇ.
ಆ ಇಪ್ಪತ್ತಾರು ಜುಲೈ, ಎದೆಮಟ್ಟ ನೀರಲ್ಲಿ ನಡೆದು
ಮೂರನೇ ದಿನ ಡೊಂಬಿವಲಿಯ ಬಾಗಿಲಿಗೆ ಬಂದ ಅಪ್ಪ,
ಅಮ್ಮ ಗೋಡೆಗೊರಗಿ ಅಳುತ್ತಿದ್ದರೆ,
ಅಂಗಿ ಹಿಂಡುತ್ತ ಅಂದದ್ದು:
ದಾರಿಲಿ ಸ್ವಲ್ಪ ನೀರಿತ್ತು.

ನಾಲ್ಕನೇ ಕಂತಿನಲ್ಲಿ ಬಿರುಗಾಳಿಗೆ ಸೂರು ಹಾರಿಹೋದಾಗ
ಡ್ಯಾರಿಲ್ ಆಕಾಶ ನೋಡಿ ಹೇಳುವ ಮಾತಿಗೆ
ನಾನು ಯೋಚಿಸಲೇ ಇಲ್ಲ.
ಕೊನೆಯ ಕಂತಿನಲ್ಲಿ, ಹದಿನೆಂಟು ವರ್ಷದ ಮೇಲೆ,
ನೋಯೆಲಿನ್ ಅವನನ್ನು ಮದುವೆಯಾಗೆಂದು ಕೇಳುತ್ತಾಳೆ.
ಅವನು ಪೈಪು ಸುತ್ತುವುದು ನಿಲ್ಲಿಸಿ ಅನ್ನುತ್ತಾನೆ: ನಾಟ್ ಬ್ಯಾಡ್.
ನಾನು ಬರೆದೆ: ಅಡ್ಡಿಲ್ಲ.
ಅಷ್ಟೇ. ಐದು ಸೆಕೆಂಡು ಪರದೆ ಮೇಲೆ ನಿಲ್ಲಲು ಬಿಟ್ಟೆ.
ಪಾಯಸಕ್ಕೆ ಅಪ್ಪ ಕೊಡುತ್ತಿದ್ದ ಪೂರ್ತಿ ಅಂಕ ಅದು.

ಉಲ್ಕಾ ಪೆಂಡಸೆ ಶುಕ್ರವಾರ ಕೆಂಪು ಹಾಳೆ ತಂದಿಟ್ಟಳು.
ಮಾರಾಯ: ಪ್ರಾದೇಶಿಕ. ‘ಮಿತ್ರನೇ’ ಎಂದು ತಿದ್ದಿ.
ಅಡ್ಡಿಲ್ಲ: ಅಸ್ಪಷ್ಟ. ‘ತುಂಬಾ ಅದ್ಭುತ!’ ಎಂದು ತಿದ್ದಿ.
ಆಶ್ಚರ್ಯಸೂಚಕ ಚಿಹ್ನೆ ಕಡ್ಡಾಯ.
ತಿದ್ದಿದೆ. ಮನೆ ಕಂತು ಕಟ್ಟಬೇಕಲ್ಲ,
ಅದು ಆರಕ್ಕೆ ಮುಗಿಯುವುದಿಲ್ಲ.
ಈಗ ಡ್ಯಾರಿಲ್ ಪೌರಾಣಿಕ ನಾಟಕದ ದೇವೇಂದ್ರನಂತೆ
ಹಲ್ಲು ಬಿಡದೆ ಹರ್ಷಿಸುತ್ತಾನೆ.

ಏಳನೇ ಕಂತು ಬರಲಿಲ್ಲ. ಚಾನೆಲ್ಲಿಗೆ ದುಡ್ಡಿಲ್ಲವಂತೆ;
ಆ ಹೊತ್ತಿಗೆ ಅಡುಗೆ ಸ್ಪರ್ಧೆ.
ಅವರಿಬ್ಬರೂ ಈಗ ಯಾರದೋ ಗ್ಯಾರೇಜಿನಲ್ಲಿ
ಒಂದೇ ಮೈಕಿಗೆ ಮುಖ ಕೊಟ್ಟು ವಾರಕ್ಕೊಮ್ಮೆ ಹರಟುತ್ತಾರೆ.
ನಡುನಡುವೆ ಹಾಸಿಗೆಯ ಜಾಹೀರಾತು, ಒಮ್ಮೊಮ್ಮೆ ನಾಯಿ.

ಘಾಟ್‌ಕೋಪರ್, ಒಂಬತ್ತು ನಲವತ್ತೆರಡರ ಸ್ಲೋ, ಹೆಂಗಸರ ಡಬ್ಬಿ.
ಕಿವಿಯಲ್ಲಿ ನೋಯೆಲಿನ್ ಕೇಳುಗರ ಲೆಕ್ಕ ಓದುತ್ತಿದ್ದಳು:
ಹೋಬಾರ್ಟಿನಲ್ಲಿ ನಾನೂರು, ಪರ್ತಿನಲ್ಲಿ ಇನ್ನಷ್ಟು,
ಮುಂಬಯಿಯಲ್ಲಿ ಒಂದು.
ಒಂದಾ? ಯಾರಪ್ಪ ಅದು?
ತುಸು ತಡೆದು ಡ್ಯಾರಿಲ್ ಅಂದ:
ಏನೋ ತಪ್ಪಾಗಿರಬೇಕು ಅದಕ್ಕೆ.

ನಕ್ಕೆ. ಕುರ್ಲಾದಿಂದ ವಿದ್ಯಾವಿಹಾರಕ್ಕಲ್ಲ,
ಮುಲುಂಡಿನಿಂದ ಠಾಣೆಯವರೆಗೂ ನಕ್ಕೆ.
ಎದುರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಕೆ
ಚೀಲವನ್ನು ತನ್ನ ಕಡೆ ಎಳೆದುಕೊಂಡು ಕೇಳಿದಳು:
ಕಾಯ್ ಝಾಲಂ?

ನನಗೆ ಬಂದ ಮರಾಠಿಯಲ್ಲಿ ಹೇಳಿದೆ:
ಬಹಳ ದೂರದವನೊಬ್ಬ ನನ್ನನ್ನು ತಪ್ಪೆಂದು ತಿಳಿದ, ತಾಯಿ.

ಆಕೆ ಇನ್ನೊಂದು ದಂಟು ಮುರಿದಳು,
ನನ್ನನ್ನು ಕಾಲಿಂದ ತಲೆತನಕ ನೋಡಿದಳು.
ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ:
ಬರೋಬರ್ ಆಹೆ.