ಅಳತೆಯ ಚೀಟಿ

ಶನಿವಾರ ಬೆಳಿಗ್ಗೆ ಏಳೂವರೆ, ಜೀಲಾಂಗ್.
ಕೊಲ್ಲಿಯ ಕಡೆಯ ಗಾಳಿಗೆ
ಗೋಲಿನ ನಾಲ್ಕು ಕಂಬಗಳೂ ಸಿಳ್ಳೆ ಹಾಕುತ್ತವೆ.
ನಾನು ಷೆಡ್ಡಿನಲ್ಲಿ ಒಬ್ಬಳೇ, ನೀಲಿ ಪೆಟ್ಟಿಗೆ ಬಿಚ್ಚಿ
ಇಪ್ಪತ್ತೆರಡು ಜೆರ್ಸಿ ಬೆಂಚಿನ ಮೇಲೆ ಹರವುತ್ತೇನೆ.
ಹೊಲಿಗೆ ಬಲ್ಲವಳು ಎಂದು ಕ್ಲಬ್ಬಿನವರು ಕೊಟ್ಟ ಕೆಲಸ.
ಸಂಬಳವಿಲ್ಲ; ಪಂದ್ಯ ಮುಗಿದ ಮೇಲೆ ಒಂದು ಲೋಟ ಚಹಾ.

ಹುಡುಗಿಯರು ಬರುತ್ತಾರೆ, ಹದಿನಾರು ಹದಿನೇಳರವರು,
ಒಬ್ಬೊಬ್ಬರೇ ನನ್ನ ಕಿವಿಯ ಹತ್ತಿರ ಬಾಗಿ
ತಪ್ಪೊಪ್ಪಿಕೊಳ್ಳುವವರ ಹಾಗೆ ಅಳತೆ ಹೇಳುತ್ತಾರೆ.
ಹದಿನಾಲ್ಕು, ಎನ್ನುವಾಗ ಬ್ರೈಡಿಯ ದನಿ
ಕೊನೆಯ ಅಕ್ಷರದಲ್ಲಿ ಒಡೆಯುತ್ತದೆ.
ಲೆಫ್ಕಿ ಹತ್ತು ಎನ್ನುತ್ತಾಳೆ, ಹನ್ನೆರಡು ಕೊಡುತ್ತೇನೆ,
ಇಬ್ಬರಿಗೂ ಗೊತ್ತು, ಇಬ್ಬರೂ ಬಾಯಿ ಬಿಡುವುದಿಲ್ಲ.
ಅಡುತ್ ಆರಡಿ; ಉದ್ದ ಸಾಲದೆಂದು ಎಳೆದೆಳೆದು
ಅಂಚಿನ ಹೊಲಿಗೆಯೇ ಬಿಟ್ಟಿದೆ.

ಬಟ್ಟೆ ಬದಲಿಸುವಾಗ ಎಲ್ಲರೂ ಗೋಡೆಗೆ ಮುಖ.
ಮೇಲೊಂದು ತೊಟ್ಟು, ಒಳಗಿನದನ್ನು
ತೋಳಿನ ಸಂದಿಯಿಂದ ಎಳೆದು ತೆಗೆಯುವ ಆ ವಿದ್ಯೆ
ಯಾವ ದೇಶದ ಹುಡುಗಿಗೂ ಯಾರೂ ಕಲಿಸಿದ್ದಲ್ಲ.
ನನಗೂ ಬರುತ್ತಿತ್ತು, ಹಾವೇರಿಯ ಹೈಸ್ಕೂಲಿನಲ್ಲಿ,
ಖೊಖೊ ಬಿಟ್ಟ ವರ್ಷ.
ಮೈ ತುಂಬಿಕೊಂಡಿದ್ದೀಯಲ್ಲೇ, ಅಂದಿದ್ದಳು ಸೋದರತ್ತೆ,
ಪ್ರೀತಿಯಿಂದಲೇ.
ಆಮೇಲೆ ನಾನು ಓಡಲಿಲ್ಲ. ನಡೆದೆ. ಮೂವತ್ತು ವರ್ಷ ನಡೆದೆ,
ಎದೆಗೆ ಅಡ್ಡ ಹಿಡಿಯಲು ಪುಸ್ತಕವೋ ಚೀಲವೋ ಮಗುವೋ
ಏನಾದರೊಂದು ಸಿಕ್ಕೇ ಸಿಗುತ್ತಿತ್ತು.

ಜೂನ್‌ನಲ್ಲಿ ಬ್ರೈಡಿ ಎರಡು ಶನಿವಾರ ಬರಲಿಲ್ಲ.
ಯಾರೋ ತೆಗೆದ ಫೋಟೋ: ಅವಳು ಚೆಂಡಿಗೆ ಹಾರಿದ್ದು,
ಜೆರ್ಸಿ ಮೇಲೆ ಸರಿದು ಹೊಟ್ಟೆ ಕಂಡದ್ದು.
ಆ ವರ್ಷ ಅಂಥ ಕ್ಯಾಚು ಇನ್ನೊಬ್ಬಳು ಹಿಡಿಯಲಿಲ್ಲ.
ಅವಳು ನೋಡಿದ್ದು ನಾಲ್ಕು ಬೆರಳಗಲದ ಚರ್ಮ.

ಆ ರಾತ್ರಿ ಟೀವಿಯ ಮುಂದೆ ಕತ್ತರಿ ಹಿಡಿದು ಕೂತೆ.
ಇಪ್ಪತ್ತೆರಡು ಕೊರಳಪಟ್ಟಿಯಿಂದ
ಇಪ್ಪತ್ತೆರಡು ಚೀಟಿ.
ಬಿಳಿ ಚಡ್ಡಿಗಳನ್ನೂ ಕಪ್ಪು ಬಣ್ಣಕ್ಕೆ ಅದ್ದಿದೆ.
ಮಣ್ಣು ಕಾಣುವುದಿಲ್ಲ, ಎಂದೆ ಕಾರ್ಯದರ್ಶಿಗೆ.
ಇನ್ನೊಂದು ಕಾರಣ ಹುಡುಗಿಯರಿಗೆ ಗೊತ್ತು,
ಹೇಳಬೇಕಾಗಲಿಲ್ಲ.

ಮುಂದಿನ ವಾರ ಗಲಿಬಿಲಿಯೋ ಗಲಿಬಿಲಿ:
ಅಡುತ್‌ಗೆ ಹೊಕ್ಕುಳ ತನಕ, ಲೆಫ್ಕಿಗೆ ತೊಡೆಯ ತನಕ,
ಕೋಚ್ ಮಾರ್ನಿ ನನ್ನನ್ನು ಬೈದಳು, ಬೈಯುತ್ತ ನಕ್ಕಳು.
ಕೊನೆಗೆ ಹುಡುಗಿಯರೇ ಷೆಡ್ಡಿನ ನಡುವೆ ನಿಂತು
ತಲೆಯ ಮೇಲಿಂದ ಕಳಚಿ, ಎಸೆದು, ಹಿಡಿದು,
ಒಪ್ಪಿದ್ದನ್ನು ತೊಟ್ಟರು.
ಗೋಡೆ ಐದು ನಿಮಿಷ ಬರಿದಾಗಿತ್ತು.

ದೊಡ್ಡ ಕ್ರಾಂತಿಯೇನಲ್ಲ.
ಲೆಫ್ಕಿ ಈಗಲೂ ಅರ್ಧ ಬಾಳೆಹಣ್ಣು ಎಸೆಯುತ್ತಾಳೆ,
ಕಾರಿನ ಕಿಟಕಿಯಲ್ಲಿ ಉಸಿರೆಳೆದುಕೊಂಡು ತನ್ನನ್ನು ನೋಡುತ್ತಾಳೆ.
ಬ್ರೈಡಿ ಬಂದಳು, ಒಳಗೊಂದು ಬಿಗಿ ಬನಿಯನ್ ತೊಟ್ಟೇ ಬಂದಳು.
ಆದರೆ ಆಗಸ್ಟಿನ ಕೆಸರಿನಲ್ಲಿ, ಮೂರನೇ ಕ್ವಾರ್ಟರಿನಲ್ಲಿ
ಅವಳಿಗೆ ಬಂದು ಗುದ್ದಿದ ಹುಡುಗಿ
ಗೋಡೆಗೆ ಹಾಯ್ದ ಕರುವಿನಂತೆ ಹಿಂದಕ್ಕೆ ಬಿದ್ದಳು.
ಬ್ರೈಡಿ ನಿಂತೇ ಇದ್ದಳು,
ಚೆಂಡನ್ನು ಹೊಟ್ಟೆಗೆ ಅವುಚಿ.
ಆ ಹೊಟ್ಟೆಗೇ.

ಮೈಚಳಿ ಬಿಡು ಎನ್ನುತ್ತೇವಲ್ಲ ನಾವು,
ಅದನ್ನು ಇವರಿಗೆ ಇಂಗ್ಲಿಷಿನಲ್ಲಿ ಹೇಳಹೋಗಿ ಸೋತೆ;
ಸ್ವೆಟರ್ ತೆಗೆಯಬೇಕಾ, ಎಂದಳು ಅಡುತ್.
ಮೈದಾನದಲ್ಲಿ ಮೈ ಇದೆ ಎಂದೂ ಹೇಳಬಹುದಿತ್ತು,
ನಿಘಂಟು ಒಪ್ಪಲಿಕ್ಕಿಲ್ಲ.

ಇವತ್ತು ಎಲ್ಲರೂ ಹೋದ ಮೇಲೆ
ಬೆಂಚಿನ ಮೇಲೆ ಒಂದು ಜೆರ್ಸಿ ಉಳಿದಿತ್ತು,
ಯಾವ ಅಳತೆಯದೋ, ಕೇಳಲು ಚೀಟಿಯಿಲ್ಲ.
ತಲೆಯ ಮೇಲಿಂದ ಇಳಿಸಿಕೊಂಡೆ. ಎದೆಯ ಹತ್ತಿರ ತುಸು ಬಿಗಿ.
ಪೆಟ್ಟಿಗೆ ಕೆಳಗಿಟ್ಟು, ಎರಡೂ ಕೈ ಬರಿದು ಮಾಡಿಕೊಂಡು
ಷೆಡ್ಡಿನಿಂದ ಗೇಟಿನ ತನಕ ಓಡಿದೆ.

ಬೀಗ ಹಾಕುವುದು ಮರೆತಿತ್ತು.
ಮತ್ತೆ ವಾಪಸು ಓಡಬೇಕಾಯಿತು.