ಷರಾ

ಮೇಲಿನಿಂದ ನಮೂನೆ ಬಂದಿದೆ, ನಾಲ್ಕು ಹಾಳೆ,
ಒಂದೇ ಮಗ್ಗುಲಿಗೆ ಅಚ್ಚು, ಬೆನ್ನೆಲ್ಲ ಬಿಳಿ.
ಪರಿಸರಸ್ನೇಹಿ ಶಾಲೆ: ಹೌದು, ಇಲ್ಲ,
ಬೇಡದ್ದನ್ನು ಹೊಡೆದುಹಾಕಿ.
ಶುಕ್ರವಾರದೊಳಗೆ ತಲುಪಿಸತಕ್ಕದ್ದು.

ಸೌರಫಲಕ ಉಂಟೆ? ಇಲ್ಲ.
ಮಳೆನೀರು ಕೊಯ್ಲು ಘಟಕ? ಮಳೆ ಉಂಟು, ಘಟಕ ಇಲ್ಲ.
ಷರಾ ಬರೆಯಲು ಎರಡು ಗೆರೆ ಜಾಗ.

ಸಿದ್ದಾಪುರದಿಂದ ಮಾಲ್ದಾರೆಗೆ ಹೋಗುವಾಗ
ಎಡಕ್ಕೆ, ಕಾಫಿತೋಟದ ಬೇಲಿಗೆ ಬೆನ್ನು ಒರಗಿಸಿ
ಕೂತ ಶಾಲೆ. ಮಕ್ಕಳು ಇಪ್ಪತ್ತಮೂರು,
ಕೋಣೆ ಎರಡು, ಟೀಚರು ನಾನೊಬ್ಬಳೇ.

ಮೊದಲು ಮಾಡಿದ್ದು ಬೀರು ಸರಿಸಿದ್ದು.
ಕಿಟಕಿಗೆ ಅಡ್ಡ ನಿಂತಿತ್ತು, ಯಾವ ಕಾಲದಿಂದಲೋ.
ಹಗಲಿಡೀ ಉರಿಯುತ್ತಿದ್ದ ಟ್ಯೂಬ್‌ಲೈಟು
ಆವತ್ತಿನಿಂದ ರಜೆಯ ಮೇಲಿದೆ.
ಬೀರುವಿನ ಹಿಂದೆ ಸಿಕ್ಕಿದ್ದು
ಒಂದು ಡಸ್ಟರು, ಹಲ್ಲಿಮೊಟ್ಟೆ ಎರಡು,
ಮತ್ತು ಬೆಳಿಗ್ಗೆ ಹತ್ತರ ಬಿಸಿಲು, ಹಾಗೇ ಮಡಿಸಿಟ್ಟಂತೆ.

ಸೋರುವ ನಲ್ಲಿಗೆ ಹಳೇ ಸೈಕಲ್ ಟ್ಯೂಬಿನ ವಾಷರು
ಕತ್ತರಿಸಿ ಹಾಕಿದ ಮೇಲೆ ಎಂಥ ಮೌನವೆಂದರೆ
ಹಿಂದಿನ ಬೆಂಚಿಗೂ ಪಾಠ ಕೇಳಿಸತೊಡಗಿತು.

ಆಮೇಲೆ ಒಂದು ವಾರ ಅಂಗಳದ ಕವರು ಹೆಕ್ಕಿ ಎಣಿಸಿದೆವು:
ನಾನ್ನೂರ ಹನ್ನೆರಡು.
ಹತ್ತರ ಕಟ್ಟು ಮಾಡಿ, ನೂರರ ರಾಶಿ ಮಾಡಿ
ಸ್ಥಾನಬೆಲೆ ಕಲಿಸುತ್ತಿದ್ದೆ.
ಅಸ್ಸಾಮಿನಿಂದ ತೋಟದ ಲೈನಿಗೆ ಬಂದ ಜುನ್‌ಮೋನಿ,
ಮೂರು ತಿಂಗಳು ತುಟಿ ಬಿಚ್ಚದವಳು,
ಒಂದು ಬಿಸ್ಕತ್ತಿನ ಕವರು ಎತ್ತಿ ಹಿಡಿದು
ಸ್ಪಷ್ಟ ಕನ್ನಡದಲ್ಲಿ ಹೇಳಿದಳು:
"ಮಿಸ್, ಇದು ನಿಮ್ಮದು."
ನನ್ನದೇ.
ಈಗ ಸ್ಟೀಲ್ ಡಬ್ಬಿಯಲ್ಲಿ ಅವಲಕ್ಕಿ ತರುತ್ತೇನೆ.

ಹುಟ್ಟುಹಬ್ಬಕ್ಕೆ ಚಾಕಲೇಟು ಬೇಡ ಎಂದಾಗ
ಸಫ್ವಾನ್ ಅತ್ತ; ಅವನಪ್ಪನದೇ ಅಂಗಡಿ.
ಮರುದಿನ ಪೂವನ್ ಬಾಳೆಯ ಗೊನೆ ಎಳೆದು ತಂದ.
ಸಿಪ್ಪೆ ಗುಂಡಿಗೆ.
ಗುಂಡಿ ನಾರಿತು, ಅದನ್ನೂ ಬರೆಯಬೇಕಲ್ಲ.
ತರಗೆಲೆ ಹಾಕದೆ ಮುಚ್ಚಿದ್ದು ನನ್ನ ತಪ್ಪು.

ಊಟದ ಸಾಲಿನಲ್ಲಿ ಈಗ ಕೇಳಿಯೇ ಬಡಿಸುವುದು:
ಕಾಲು ಸೌಟು, ಅರ್ಧ, ಮುಕ್ಕಾಲು.
ಭಿನ್ನರಾಶಿಗೆ ಬೇರೆ ಪೀರಿಯಡ್ ಬೇಕಾಗಲಿಲ್ಲ.
ಎಂಜಲ ಬಕೆಟ್ಟಿನ ತಳ ಕಂಡಿತು.
ನಷ್ಟ ಅಡುಗೆಯ ದೇಚಕ್ಕನ ಕೋಳಿಗಳಿಗೆ ಮಾತ್ರ;
ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ,
ಮೂರನೆಯ ದಿನ ಸಾರಿಗೆ ಉಪ್ಪು ಹಾಕಲಿಲ್ಲ.

ಕೈತೊಳೆದ ನೀರಿಗೆ ಬಿದಿರು ಸೀಳಿ ದೋಣಿ ಮಾಡಿಕೊಟ್ಟವರು
ಮೂರನೇ ಕ್ಲಾಸಿನ ಚೋಮನ ತಾತ.
ನೀರು ಬೇಲಿಯ ಬುಡಕ್ಕೆ ಹೋಯಿತು. ಅಲ್ಲಿ ಐದು ಬಾಳೆ ನೆಟ್ಟೆವು.
ಐದೂ ಗೊನೆ ಹಾಕಿದವು.
ಐದನ್ನೂ ಒಂದೇ ರಾತ್ರಿ ಆನೆ ತಿಂದಿತು,
ಗೇಟನ್ನು ಮೆಟ್ಟಿ, ಧ್ವಜಕಂಬವನ್ನು ಮುಟ್ಟದೆ.

ಬೆಳಿಗ್ಗೆ ಯಾರೂ ಅಳಲಿಲ್ಲ.
ಚೋಮ ಹುರಿ ಹಿಡಿದು ಹೆಜ್ಜೆಯ ಸುತ್ತಳತೆ ತೆಗೆದ,
"ಇದರ ಎರಡರಷ್ಟು ಅದರ ಎತ್ತರ, ತಾತ ಹೇಳಿದ್ದು."
ಗೋಡೆಯ ಮೇಲೆ, ತಮ್ಮ ತಮ್ಮ ಎತ್ತರದ ಗೆರೆಗಳ ಪಕ್ಕ,
ಏಣಿ ಇಟ್ಟು ಇನ್ನೊಂದು ಗೆರೆ ಎಳೆದರು.
ಲದ್ದಿಯನ್ನು ಗುಂಡಿಗೆ ಹೊತ್ತರು.
ಬಾಳೆಯ ಜಾಗದಲ್ಲಿ ಈಗ ಅರಿಶಿನ, ಶುಂಠಿ, ಸೂಜಿಮೆಣಸು,
ಎರಡು ನಿಂಬೆ: ಆನೆಗೆ ಸೇರದ್ದು,
ದೇಚಕ್ಕನಿಗೆ ಬೇಕಾದ್ದು.
ಸಾರಿಗೆ ಉಪ್ಪು ಮರಳಿದೆ.

ಇಷ್ಟಕ್ಕೆಲ್ಲ ಎರಡು ಗೆರೆ ಸಾಲದು.
ಹೌದು ಹೊಡೆಯಲೋ, ಇಲ್ಲ ಹೊಡೆಯಲೋ ಎಂದು
ಪೆನ್ನು ಕಚ್ಚುತ್ತ ಕೂತಿದ್ದಾಗ
ಜುನ್‌ಮೋನಿ ಬಂದು ಹಾಳೆಯ ಬೆನ್ನು ಸವರಿದಳು.
"ಮಿಸ್, ಇದು ಖಾಲಿ."

ಮಾನ್ಯರೇ, ನಮೂನೆ ಲಗತ್ತಿಸಿದೆ.
ಹಿಂಬದಿಯಲ್ಲಿ ಆನೆ ಇದೆ,
ಎಂಟಡಿ, ಹಾಳೆಗೆ ತಕ್ಕಂತೆ ಕುಗ್ಗಿದೆ.
ದಯಮಾಡಿ ಪುಟ ತಿರುಗಿಸಿ.